ಲಾಗಕ್ಕೆ ಅಂಜುವ ಬಾಲಿಕೆ

ಹಿಮ್ಮುಖ ಲಾಗವನ್ನು ಕಲಿಯುತ್ತಿರುವ ಹತ್ತು ವರ್ಷದ ಬಾಲಿಕೆಯೊಬ್ಬಳನ್ನು ಊಹಿಸಿಕೊಳ್ಳೋಣ. ಮೈಯಲ್ಲಿ ಕಸುವಿದೆ, ಜಿಗಿತವೂ ಸಾಕಷ್ಟಿದೆ. ಆದರೆ ಜಿಗಿಯುವ ಗಳಿಗೆಯಲ್ಲಿ ಹಿಂಜರಿಯುತ್ತಾಳೆ. "ಹೆದರಬೇಡ" ಎನ್ನುವುದು ಸುಲಭ. ಭಯವು ಆಕೆಯ ದೇಹದಲ್ಲಿ ಏನು ಮಾಡುತ್ತದೆಂಬುದನ್ನು ಅರಿತರೆ ಆ ಮಾತಿನ ನಿರರ್ಥಕತೆ ತಿಳಿಯುವುದು.

ಆಕೆಯ ಗುರುತ್ವಕೇಂದ್ರವು 45 ಸೆಂಟಿಮೀಟರಿನಷ್ಟು ಮೇಲೇರಿತೆನ್ನೋಣ. ಏರಿ ಇಳಿಯಲು ಹಿಡಿಯುವ ಕಾಲ ಸುಮಾರು 0.6 ಸೆಕೆಂಡು. ಒಂದು ಸುತ್ತು ಅಷ್ಟರಲ್ಲೇ ಮುಗಿಯಬೇಕು. ಪಾದಗಳು ನೆಲವನ್ನು ಬಿಟ್ಟ ಮೇಲೆ ತನ್ನ ಕೋನೀಯ ಸಂವೇಗವನ್ನು ಹೆಚ್ಚಿಸಿಕೊಳ್ಳುವುದು ಆಕೆಯಿಂದ ಸಾಧ್ಯವಿಲ್ಲ. ಉಳಿದಿರುವ ಉಪಾಯವೊಂದೇ: ಮೊಣಕಾಲುಗಳನ್ನು ಎದೆಗೆ ಸೆಳೆದು ಮುದುಡಿಕೊಳ್ಳುವುದು. ಆಗ ಜಡತ್ವ ಮಹತ್ವವು ನೀಳವಾಗಿ ಚಾಚಿದ ದೇಹದ ಮೂರನೆಯ ಒಂದು ಪಾಲಿನಷ್ಟಕ್ಕೆ ಇಳಿದು, ತಿರುಗುವ ವೇಗ ಸುಮಾರು ಮೂರು ಪಟ್ಟಾಗುತ್ತದೆ.

ಭಯವು ಮೋಸಗೊಳಿಸುವುದು ಇಲ್ಲಿಯೇ. ಅಂಜಿದ ಮಗು ನೆಲವನ್ನು ಹುಡುಕುತ್ತ ಮೈಯನ್ನು ಬೇಗನೆ ಬಿಚ್ಚುತ್ತದೆ. ಬಿಚ್ಚಿದೊಡನೆ ಸುತ್ತು ನಿಧಾನವಾಗಿ, ಪಾದಗಳಿಗೆ ಮುಂಚೆ ಕೈಯೋ ತಲೆಯೋ ನೆಲಕ್ಕೆ ತಾಗುವುದುಂಟು. ಅರೆಮನಸ್ಸಿನ ಲಾಗವೇ ಎಲ್ಲಕ್ಕಿಂತ ಅಪಾಯಕರ.

ಇದು ಎಳೆಯರ ದೌರ್ಬಲ್ಯವೆಂದು ನಗಬೇಕಾಗಿಲ್ಲ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ಅಮೆರಿಕದ ಸಿಮೋನ್ ಬೈಲ್ಸ್ ಅವರು ವಾಲ್ಟ್ ಜಿಗಿತದಲ್ಲಿ ಎರಡೂವರೆ ತಿರುಚುಗಳನ್ನು ಉದ್ದೇಶಿಸಿ ಒಂದೂವರೆಗೇ ಇಳಿದರು. ಗಾಳಿಯಲ್ಲಿ ತಾವಿರುವ ಭಂಗಿಯ ಅರಿವೇ ಅವರಿಗೆ ತಪ್ಪಿತ್ತು. ಅವರು ತಂಡದ ಸ್ಪರ್ಧೆಯಿಂದ ಹಿಂದೆ ಸರಿದರು. ಅದು ಹೇಡಿತನವಲ್ಲ, ವಿವೇಕವೆಂದೇ ನಮ್ಮ ಎಣಿಕೆ. 2024ರಲ್ಲಿ ಪ್ಯಾರಿಸಿನಲ್ಲಿ ವಾಲ್ಟಿನ ಚಿನ್ನದ ಪದಕ ಅವರದಾಯಿತು.

ಬಲ್ಲ ಶಿಕ್ಷಕರು ಭಯವನ್ನು ಗದರಿಸದೆ ತಪ್ಪಿನ ಬೆಲೆಯನ್ನು ಇಳಿಸುತ್ತಾರೆ. 1.25 ಮೀಟರು ಬಿದ್ದ ದೇಹವನ್ನು 5 ಸೆಂಟಿಮೀಟರಿನೊಳಗೆ ತಡೆಯುವ ಹಾಸು ಸರಾಸರಿ ದೇಹತೂಕದ 26 ಪಟ್ಟು ಬಲವನ್ನು ಹಾಕುತ್ತದೆ. 50 ಸೆಂಟಿಮೀಟರಿನಲ್ಲಿ ತಡೆಯುವ ಸ್ಪಂಜು ತುಂಬಿದ ಹೊಂಡ ಮೂರೂವರೆ ಪಟ್ಟನ್ನು ಮಾತ್ರ. (ತಲೆ ಕೆಳಗಾಗಿ ಬಿದ್ದರೆ ಹೊಂಡವೂ ಕುತ್ತಿಗೆಯನ್ನು ಕಾಯಲಾರದು, ಒಂಟಿಯಾಗಿ ಯಾರೂ ಪ್ರಯತ್ನಿಸಬಾರದು.) ಮೊದಲು ಇಳಿಜಾರಿನಲ್ಲಿ ಹಿಂದಕ್ಕೆ ಉರುಳುವುದು, ಬಳಿಕ ಎತ್ತರದಿಂದ ಹೊಂಡಕ್ಕೆ, ಆಮೇಲೆ ನೆಲದ ಮೇಲೆ ಶಿಕ್ಷಕರ ಕೈಯಾಸರೆಯಲ್ಲಿ. ಅಂಜಿಕೆ ಮರಳಿದ ದಿನ ಒಂದು ಮೆಟ್ಟಿಲು ಕೆಳಗಿಳಿದರೆ ನಷ್ಟವೇನೂ ಇಲ್ಲ.

ಆ ಕೈಯಾಸರೆ ಬರಿಯ ಸಮಾಧಾನವಲ್ಲ. ಗಾಳಿಯಲ್ಲಿರುವ ಬಾಲಿಕೆಗೆ ತಾನಾಗಿ ಗಳಿಸಲಾಗದ ಕೋನೀಯ ಸಂವೇಗವನ್ನು ಬೆನ್ನು ತೊಡೆಗಳಿಗೆ ತಗುಲಿದ ಹೊರಗಿನ ಕೈ ನಿಜವಾಗಿಯೂ ಕೊಡಬಲ್ಲದು. ಸುತ್ತು ಕೂಡಿಬಂದಂತೆ ಅದು ಬೆರಳ ತುದಿಯಷ್ಟಕ್ಕೆ ಇಳಿಯುತ್ತದೆ. ಆದರೆ ಹೇಳದೆ ಅದನ್ನು ಹಿಂತೆಗೆಯಬಾರದು. ಒಮ್ಮೆ ಮೋಸಹೋದ ಮಗು ಮುಂದೆ ಯಾವ ಕೈಯನ್ನೂ ನಂಬದು.