ಶುಶ್ರೂಷಾ ಸಿಬ್ಬಂದಿಯ ಶ್ರೇಣಿ ಮತ್ತು ಕೆಲಸ ಹಂಚಿಕೆ
1. ಕಾನೂನು: ಭಾರತೀಯ ನರ್ಸಿಂಗ್ ಪರಿಷತ್ ಕಾಯ್ದೆ, 1947. ಇದರ ಬದಲಿಗೆ ರೂಪಿಸಿದ್ದು ರಾಷ್ಟ್ರೀಯ ನರ್ಸಿಂಗ್ ಮತ್ತು ಪ್ರಸೂತಿ ಆಯೋಗ ಕಾಯ್ದೆ, 2023.
2. ಎಎನ್‌ಎಂ (ಆಕ್ಸಿಲಿಯರಿ ನರ್ಸ್ ಮಿಡ್‌ವೈಫ್): 2 ವರ್ಷದ ಕೋರ್ಸ್. ಕಾರ್ಯಕ್ಷೇತ್ರ ಉಪಕೇಂದ್ರ (ಬಯಲುಸೀಮೆಯಲ್ಲಿ 5,000, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 3,000 ಜನಸಂಖ್ಯೆಗೆ ಒಂದು). ಲಸಿಕೆ, ಗರ್ಭಿಣಿ ತಪಾಸಣೆ, ಸಹಜ ಹೆರಿಗೆ, ಮನೆಭೇಟಿ.
3. ಜಿಎನ್‌ಎಂ (ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ): ಈಗ 3 ವರ್ಷ. ಬಿ.ಎಸ್‌ಸಿ ನರ್ಸಿಂಗ್: 4 ವರ್ಷ. ಇಬ್ಬರಿಗೂ ವಾರ್ಡಿನ ಹುದ್ದೆ ಶುಶ್ರೂಷಾಧಿಕಾರಿ, ಅಂದರೆ ಹಳೆಯ ಸ್ಟಾಫ್ ನರ್ಸ್. ವೈದ್ಯರ ಸೂಚನೆಯಂತೆ ಔಷಧ, ಇಂಜೆಕ್ಷನ್, ಡ್ರಿಪ್ ಕೊಡುವುದು. ನಾಡಿ, ಉಸಿರಾಟ, ರಕ್ತದೊತ್ತಡ ದಾಖಲಿಸುವುದು. ಸ್ಥಿತಿ ಹದಗೆಟ್ಟರೆ ಮೊದಲು ಗುರುತಿಸಿ ತಿಳಿಸುವುದು. ರೋಗಿಯ ಬಳಿ ಹೆಚ್ಚು ಹೊತ್ತು ಇರುವವರು ಇವರೇ.
4. ವಾರ್ಡ್ ಸಿಸ್ಟರ್: ಡ್ಯೂಟಿ ಪಟ್ಟಿ, ಔಷಧ ದಾಸ್ತಾನು, ಕಿರಿಯರ ಮೇಲ್ವಿಚಾರಣೆ.
5. ನರ್ಸಿಂಗ್ ಅಧೀಕ್ಷಕರು: ಇಡೀ ಆಸ್ಪತ್ರೆಯ ಶುಶ್ರೂಷಾ ಆಡಳಿತ.
6. ನರ್ಸ್ ಪ್ರಾಕ್ಟೀಷನರ್ (ತೀವ್ರ ನಿಗಾ): ಬಿ.ಎಸ್‌ಸಿ ನಂತರ 2 ವರ್ಷದ ಸ್ನಾತಕೋತ್ತರ ತರಬೇತಿ.

ಗೊಂದಲ ಬೇಡ:
• ಆಶಾ ಕಾರ್ಯಕರ್ತೆ ನರ್ಸ್ ಅಲ್ಲ. ಗೌರವಧನ ಪಡೆಯುವ ಸಮುದಾಯ ಸ್ವಯಂಸೇವಕಿ. ಪ್ರಶ್ನೆಪತ್ರಿಕೆಗಳಿಗೆ ಪ್ರಿಯವಾದ ಬಲೆ ಇದು.
• ಪೋಸ್ಟ್ ಬೇಸಿಕ್ ಬಿ.ಎಸ್‌ಸಿ (2 ವರ್ಷ) ಜಿಎನ್‌ಎಂ ಮುಗಿಸಿದವರಿಗೆ ಮಾತ್ರ.
• ಭಾರತೀಯ ನರ್ಸಿಂಗ್ ಪರಿಷತ್ತಿನದು ಶಿಕ್ಷಣದ ಏಕರೂಪ ಮಾನದಂಡ. ನರ್ಸ್‌ಗಳ ನೋಂದಣಿ ರಾಜ್ಯ ಪರಿಷತ್ತುಗಳದು.