ಕೆರೆಯ ಭರಮಣ್ಣ, ಕಾದಂಬರಿಯ ಭರಮಣ್ಣ

ಪ್ರೀತಿಯ ಮಗಳೆ,

ನಿನ್ನ ಕಾಗದ ತಲುಪಿತು. ಪಿಎಚ್.ಡಿ. ನೋಂದಣಿಯ ಸಡಗರದಲ್ಲಿ ಶೀರ್ಷಿಕೆಯನ್ನೂ ಗಟ್ಟಿ ಮಾಡಿಕೊಂಡುಬಿಟ್ಟಿದ್ದೀಯ: ‘ತ.ರಾ.ಸು. ಅವರ ಐತಿಹಾಸಿಕ ಕಾದಂಬರಿಗಳು: ಒಂದು ಸಮಗ್ರ ಅಧ್ಯಯನ’. ಕಾಗದದ ಕೊನೆಗೆ, ಅಳುಕುತ್ತಲೇ, ನೀನೂ ಒಂದು ಕಾದಂಬರಿ ಬರೆಯುತ್ತಿರುವುದಾಗಿ ಹೇಳಿ, ಅದನ್ನೇ ಮಹಾಪ್ರಬಂಧವಾಗಿ ಒಪ್ಪಿಸಲು ಬರುತ್ತದೆಯೇ ಎಂದು ಕೇಳಿದ್ದೀಯ. ಇದೇ ಪ್ರಶ್ನೆ ಇಟ್ಟುಕೊಂಡ ಹುಡುಗ ಹುಡುಗಿಯರು ಹೊಳಲ್ಕೆರೆ, ಹೊಸದುರ್ಗ, ಹಿರಿಯೂರುಗಳಲ್ಲೂ ಇದ್ದಾರೆ. ಹಾಗಾಗಿ ಉತ್ತರವನ್ನು ಪತ್ರಿಕೆಗೇ ಕೊಡುತ್ತಿದ್ದೇನೆ. ನಿನ್ನ ಹೆಸರು ಹಾಕಿಲ್ಲ, ಗಾಬರಿ ಬೀಳಬೇಡ.

ಮೊದಲು ಆ ‘ಸಮಗ್ರ’ವನ್ನು ಹೊಡೆದುಹಾಕು. ಶೀರ್ಷಿಕೆ ಹಾಗಿದ್ದರೆ ಅಧ್ಯಾಯಗಳು ಯಾರೂ ಕರೆಯದೆ ತಾವೇ ಬಂದು ಕೂರುತ್ತವೆ. ಒಂದನೆಯದು ಲೇಖಕರ ಬದುಕು ಬರಹ, ಎರಡನೆಯದು ಕನ್ನಡ ಕಾದಂಬರಿಯ ಹುಟ್ಟು ಬೆಳವಣಿಗೆ, ಆಮೇಲೆ ಕಾದಂಬರಿಗೊಂದರಂತೆ ಕಥಾಸಾರ, ಕಡೆಗೆ ಉಪಸಂಹಾರ. ಎರಡನೇ ಅಧ್ಯಾಯವನ್ನು 1899ರ ‘ಇಂದಿರಾಬಾಯಿ’ಯಿಂದ ಶುರುಮಾಡದ ಪ್ರಬಂಧವನ್ನು ನಾನಿನ್ನೂ ನೋಡಬೇಕು. ಗುಲ್ವಾಡಿ ವೆಂಕಟರಾಯರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಭರಮಸಾಗರದಲ್ಲಿ ಹುಟ್ಟಿ ಬೆಳೆದ ನೀನು ತ.ರಾ.ಸು. ಓದುವುದಕ್ಕೆ ಗುಲ್ವಾಡಿಯನ್ನು ಸುತ್ತಿಕೊಂಡು ಯಾಕೆ ಬರಬೇಕು?

ನಿಮ್ಮ ಊರನ್ನೇ ನೋಡು. ಊರಿಗೆ ಹೆಸರು ಕೊಟ್ಟವನು ಚಿತ್ರದುರ್ಗದ ಭರಮಣ್ಣನಾಯಕ, 1689ರಿಂದ 1721ರವರೆಗೆ ಆಳಿದವನು. ನಿಮ್ಮೂರ ದೊಡ್ಡ ಕೆರೆ ಅವನದೆಂದೇ ಹೆಸರಾಗಿದೆ. ಈಗ ತುಂಗಭದ್ರೆಯ ನೀರು ಪೈಪಿನಲ್ಲಿ ಬಂದು ಅದನ್ನು ತುಂಬುತ್ತದೆ, ಆದರೂ ಜನರ ಬಾಯಲ್ಲಿ ಅದು ಭರಮಣ್ಣನ ಕೆರೆಯೇ. ಇನ್ನು ಕಾದಂಬರಿಗೆ ಬಾ. ತ.ರಾ.ಸು. ಅವರ ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ಗಳು ದಳವಾಯಿ ಮುದ್ದಣ್ಣನ ಕಾಲದ ಕೊಲೆ ಒಳಸಂಚುಗಳ ಕಥೆ. ಆ ರಕ್ತಪಾತದ ಆಚೆ ಗದ್ದುಗೆಗೆ ಬಂದವನೇ ಭರಮಣ್ಣ. ದುರ್ಗದವರೇ ಆದ ಬಿ.ಎಲ್. ವೇಣು ಅವರು ‘ಬಿಚ್ಚುಗತ್ತಿ ಭರಮಣ್ಣನಾಯಕ’ ಎಂದು ಅವನ ಮೇಲೇ ಕಾದಂಬರಿ ಬರೆದರು. ಅದು 2020ರಲ್ಲಿ ಸಿನಿಮಾವೂ ಆಯಿತು. ಊರಿನ ನೆನಪಿನಲ್ಲಿ ಕೆರೆ ಕಟ್ಟಿಸಿದವನು, ಪರದೆಯ ಮೇಲೆ ಕತ್ತಿ ಹಿಡಿದವನು. ಕಾದಂಬರಿಗಳಲ್ಲಿ ಇವರಿಬ್ಬರಲ್ಲಿ ಯಾರಿಗೆ ಎಷ್ಟು ಪುಟ ಸಿಕ್ಕಿದೆ? ಸಿಗದಿದ್ದರೆ ಯಾಕೆ ಸಿಗಲಿಲ್ಲ?

ಇದಕ್ಕೆ ಉತ್ತರ ನನಗೆ ಈಗಲೇ ಗೊತ್ತಿದೆ ಎಂದು ತಿಳಿಯಬೇಡ. ನೀನು ಕೂತು ಪುಟ ಎಣಿಸಬೇಕು. ಎಣಿಸಿದ ಮೇಲೆ ನಿನ್ನ ಊಹೆ ಸುಳ್ಳಾಗಬಹುದು, ಕೆರೆಗೂ ಗುಡಿಗೂ ಕಾದಂಬರಿಕಾರ ಧಾರಾಳವಾಗಿ ಜಾಗ ಕೊಟ್ಟಿರುವುದು ಕಾಣಬಹುದು. ಸುಳ್ಳಾಗುವ ಸಾಧ್ಯತೆ ಇರುವ ಪ್ರಶ್ನೆಯೇ ಪ್ರಬಂಧಕ್ಕೆ ತಕ್ಕ ಪ್ರಶ್ನೆ. ‘ತ.ರಾ.ಸು. ಕಾದಂಬರಿಗಳಲ್ಲಿ ನಾಡಪ್ರೇಮ’ ಎಂದರೆ ಅದು ಎಂದೂ ಸುಳ್ಳಾಗುವುದಿಲ್ಲ. ಸುಳ್ಳಾಗದ್ದನ್ನು ಹುಡುಕಲು ಸರ್ಕಾರ ನಿನಗೆ ಶಿಷ್ಯವೇತನ ಯಾಕೆ ಕೊಡಬೇಕು?

ಆಕರಗಳ ವಿಷಯದಲ್ಲಿ ನಮ್ಮ ಜಿಲ್ಲೆಯವರು ಪುಣ್ಯವಂತರು. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯ ಕರ್ನಾಟಿಕದ 11ನೇ ಸಂಪುಟ ಪೂರ್ತಿ ಚಿತ್ರದುರ್ಗ ಜಿಲ್ಲೆಯ ಶಾಸನಗಳದ್ದು. ಎಂ.ಎಸ್. ಪುಟ್ಟಣ್ಣನವರು 1924ರಲ್ಲಿ ‘ಚಿತ್ರದುರ್ಗದ ಪಾಳೆಯಗಾರರು’ ತಂದರು. ಈ ಪುಟ್ಟಣ್ಣನವರೇ 1915ರ ‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಕಾದಂಬರಿಯ ಕರ್ತೃ ಅನ್ನುವುದನ್ನು ಮರೆಯಬೇಡ. ಅಂದರೆ ನಿನ್ನ ಇತಿಹಾಸದ ಪುಸ್ತಕವನ್ನೂ ಒಬ್ಬ ಕಾದಂಬರಿಕಾರನೇ ಬರೆದಿದ್ದಾನೆ. ಹುಲ್ಲೂರು ಶ್ರೀನಿವಾಸ ಜೋಯಿಸರು ಊರೂರು ತಿರುಗಿ ದಾಖಲೆ ಕೂಡಿಹಾಕಿದರು. ಅವರ ದಾರಿಯಲ್ಲಿ ನಡೆದ ಲಕ್ಷ್ಮಣ್ ತೆಲಗಾವಿ, ಬಿ. ರಾಜಶೇಖರಪ್ಪ ಇವರ ಬರಹಗಳನ್ನು ನೋಡದೆ ಸಾರಲೇಖ ಬರೆಯಲು ಕೂರಬೇಡ. ಭರಮಣ್ಣ ಮೂವತ್ತು ಗುಡಿ, ಇಪ್ಪತ್ತು ಕೆರೆ ಕಟ್ಟಿಸಿದ ಎಂಬ ಲೆಕ್ಕ ಪುಸ್ತಕದಿಂದ ಪುಸ್ತಕಕ್ಕೆ ದಾಟಿಕೊಂಡು ಬಂದಿದೆ. ಅದನ್ನು ಮೊದಲು ಎಣಿಸಿದವರು ಯಾರು, ಯಾವ ಆಧಾರದ ಮೇಲೆ? ಇದೊಂದನ್ನು ಬೆನ್ನುಹತ್ತಿದರೂ ಒಂದು ಒಳ್ಳೆಯ ಅಡಿಟಿಪ್ಪಣಿಯಾಗುತ್ತದೆ. ಒಳ್ಳೆಯ ಅಡಿಟಿಪ್ಪಣಿ ಅರ್ಧ ಅಧ್ಯಾಯಕ್ಕೆ ಸಮ ಎಂದು ನಂಬಿದವನು ನಾನು.

ಇನ್ನು ಓದುವ ಬಗೆ. ಉದ್ದನೆಯ ಲೆಕ್ಕದ ಪುಸ್ತಕ ಒಂದನ್ನು ತೆಗೆದುಕೋ, ಅಂಗಡಿಯವರು ಇಡುತ್ತಾರಲ್ಲ ಅಂಥದ್ದು. ಎಡಪುಟದಲ್ಲಿ ಶಾಸನ, ಬಖೈರು, ಗೆಜೆಟಿಯರು, ಪುಟ್ಟಣ್ಣನವರ ಪುಸ್ತಕ ಏನು ಹೇಳುತ್ತವೆ ಎಂಬುದನ್ನು ವರ್ಷವಾರು ಬರೆ. ಬಲಪುಟದಲ್ಲಿ ಅದೇ ಘಟನೆ ಕಾದಂಬರಿಯಲ್ಲಿ ಯಾವ ಅಧ್ಯಾಯದಲ್ಲಿ, ಯಾರ ಕಣ್ಣಿಂದ, ಎಷ್ಟು ಪುಟದಲ್ಲಿ ಬಂದಿದೆ ಎಂದು ಬರೆ. ಯಾವ ಮುದ್ರಣ, ಯಾವ ಪುಟ ಎಂಬುದನ್ನು ಆಗಲೇ ಗುರುತುಹಾಕು. ಆಮೇಲೆ ಹುಡುಕುತ್ತೇನೆ ಅಂದವರು ಯಾರೂ ಹುಡುಕಿದ್ದನ್ನು ನಾನು ಕಂಡಿಲ್ಲ. ಕೆಲವು ತಿಂಗಳಾದ ಮೇಲೆ ಪುಸ್ತಕ ತಿರುವಿಹಾಕು. ಎಡಗಡೆ ಖಾಲಿ ಬಿದ್ದು ಬಲಗಡೆ ತುಂಬಿಕೊಂಡಿರುವ ಕಡೆಯಲ್ಲೆಲ್ಲ ಕಾದಂಬರಿಕಾರ ಕೈಗೆ ಸಿಗುತ್ತಾನೆ. ರಾಣಿವಾಸದ ಮಾತುಕತೆ, ಕಾವಲುಗಾರನ ಹೆಂಡತಿಯ ಸಂಕಟ, ಬೆಳಗಿನ ಜಾವ ಕೋಟೆ ಬಾಗಿಲು ತೆಗೆಯುವ ಸದ್ದು, ಇವು ಯಾವ ಶಾಸನದಲ್ಲಿದ್ದಾವು? ಎಡಗಡೆ ತುಂಬಿ ಬಲಗಡೆ ಖಾಲಿ ಇರುವ ಜಾಗಗಳೂ ಇರುತ್ತವೆ. ಕಾದಂಬರಿ ಯಾವುದನ್ನು ನೋಡಿಯೂ ನೋಡದಂತೆ ಹೋಯಿತು ಅನ್ನುವುದು ಅಲ್ಲಿ ತಿಳಿಯುತ್ತದೆ.

‘ದುರ್ಗಾಸ್ತಮಾನ’ದ ಮೇಲೆ ಇದನ್ನು ಒಮ್ಮೆ ಪ್ರಯೋಗಿಸಿ ನೋಡು. 1982ರಲ್ಲಿ ಬಂದ ಪುಸ್ತಕ. ತ.ರಾ.ಸು. 1984ರಲ್ಲಿ ತೀರಿಕೊಂಡರು, ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1985ರಲ್ಲಿ. 1779ರಲ್ಲಿ ಹೈದರಾಲಿಗೆ ಕೋಟೆ ಬಿದ್ದ ಮೇಲೆ ಏನಾಯಿತು ಎಂದು ರೈಸರ ಗೆಜೆಟಿಯರು ಹೇಳುವುದನ್ನು ಎಡಪುಟಕ್ಕೆ ಇಳಿಸು: ಮದಕರಿ ನಾಯಕನನ್ನೂ ಮನೆಯವರನ್ನೂ ಸೆರೆ ಮಾಡಿ ಶ್ರೀರಂಗಪಟ್ಟಣಕ್ಕೆ ಒಯ್ದರು. ಇಪ್ಪತ್ತು ಸಾವಿರ ಬೇಡರನ್ನು ಊರು ಬಿಡಿಸಿ ಅಲ್ಲಿಯ ದ್ವೀಪಕ್ಕೆ ಸಾಗಿಸಿದರು, ಅವರ ಗಂಡುಹುಡುಗರನ್ನು ಚೇಲಾ ಪಡೆಗಳಿಗೆ ಸೇರಿಸಿದರು. ಈಗ ಕಾದಂಬರಿಯ ಕೊನೆಯ ಅಧ್ಯಾಯಗಳನ್ನು ಬಲಪುಟಕ್ಕೆ ಇಳಿಸು. ಎಲ್ಲಿ ಎರಡೂ ಕೂಡುತ್ತವೆ, ಎಲ್ಲಿ ದಾರಿ ಕವಲೊಡೆಯುತ್ತದೆ, ಕವಲೊಡೆದ ಕಡೆ ತ.ರಾ.ಸು. ಗಳಿಸಿದ್ದೇನು, ಕಳೆದುಕೊಂಡದ್ದೇನು? ‘ಇತಿಹಾಸಕ್ಕೆ ಅಪಚಾರ’ ಎಂದು ಕೂಗುವವರ ಜೊತೆಗೂ ಸೇರಬೇಡ, ‘ಕಲಾವಿದನ ಸ್ವಾತಂತ್ರ್ಯ’ ಎಂದು ಕೈತೊಳೆದುಕೊಳ್ಳುವವರ ಜೊತೆಗೂ ಸೇರಬೇಡ. ಕಾದಂಬರಿ ಕೋರ್ಟಿನ ಸಾಕ್ಷಿ ಅಲ್ಲ, ಸರಿ. ಆದರೆ ದುರ್ಗದ ಬೆಟ್ಟ ಹತ್ತುವ ಸಾವಿರಾರು ಜನ ಇವತ್ತು ಆ ಕಲ್ಲುಗಳನ್ನು ನೋಡುವುದು ತ.ರಾ.ಸು. ಕೊಟ್ಟ ಕಣ್ಣಿನಿಂದಲೇ. 1972ರಲ್ಲಿ ಅವರ ‘ನಾಗರಹಾವು’ ಸಿನಿಮಾ ಆದಮೇಲಂತೂ ಗೈಡುಗಳು ಮದಕರಿಯ ಜೊತೆಗೆ ರಾಮಾಚಾರಿಯನ್ನೂ ತೋರಿಸಿಕೊಂಡು ತಿರುಗುತ್ತಾರೆ. ಇಷ್ಟು ಪ್ರಭಾವ ಇರುವ ಬರಹವನ್ನು ಪ್ರಶ್ನೆ ಮಾಡುವುದು ಅಗೌರವ ಅಲ್ಲ.

ನಮ್ಮೂರಿನವರು ಬೇಜಾರು ಮಾಡಿಕೊಳ್ಳುತ್ತಾರೆ ಎಂದು ಹೆದರಿದ್ದೀಯ. ಹೆದರಿಕೆ ನಿಜವಾದದ್ದೇ. ನಾಯಕರ ಹೆಸರು ಈಗ ಜಾತಿ, ಜಯಂತಿ, ಪ್ರತಿಮೆ, ವೃತ್ತಗಳ ಜೊತೆ ಬೆಸೆದುಕೊಂಡಿದೆ. ಆದ್ದರಿಂದ ಮಾತು ಮೆತ್ತಗಿರಲಿ, ಆಧಾರ ಬಿಗಿಯಾಗಿರಲಿ. ಕೆರೆ ಏರಿಯ ಮೇಲೆ ಕೂರುವ ಹಿರಿಯರನ್ನು, ತೂಬಿನ ಕೆಳಗೆ ಗದ್ದೆ ತೋಟ ಮಾಡಿದ ಮನೆಗಳವರನ್ನು ಮಾತಾಡಿಸು. ‘ಕೆರೆಗೆ ಹಾರ’ ಎಂಬ ಜನಪದ ಹಾಡಿನಂಥ ಕಥೆ ನಿಮ್ಮಲ್ಲೂ ಉಂಟೇ ಎಂದು ಅಜ್ಜಿಯರನ್ನು ಕೇಳು. ಫೋನಿನಲ್ಲಿ ಧ್ವನಿ ಮುದ್ರಿಸಿಕೊಳ್ಳುವ ಮೊದಲು ಒಪ್ಪಿಗೆ ಪಡೆ. ಹೇಳಿದವರ ಹೆಸರು, ವಯಸ್ಸು, ತಾರೀಖು ಬರೆದಿಡು. ಊರವರು ಹೇಳಿದ್ದನ್ನು ಊರವರ ಮಾತೆಂದೇ ಬರೆ, ಅದನ್ನು ಇತಿಹಾಸಕ್ಕೆ ಬಡ್ತಿ ಕೊಡಬೇಡ.

ಇಷ್ಟಾದ ಮೇಲೆ ನಿನ್ನ ಕಾದಂಬರಿ. ನಮ್ಮ ಕನ್ನಡ ವಿಭಾಗಗಳಲ್ಲಿ ಪಿಎಚ್.ಡಿ. ಅಂದರೆ ಸಂಶೋಧನಾ ಪ್ರಬಂಧವೇ. ಕಾದಂಬರಿ ಒಪ್ಪಿಸಿ ಡಾಕ್ಟರ್ ಅನ್ನಿಸಿಕೊಳ್ಳುವ ದಾರಿಯನ್ನು ನೆಚ್ಚಿಕೊಳ್ಳಬೇಡ. ಬೇರೆ ಕಡೆ ಆ ದಾರಿ ಇದೆ. ಅಮೆರಿಕದ ಅಯೋವ ವಿಶ್ವವಿದ್ಯಾಲಯ 1922ರಲ್ಲೇ ಸೃಜನಶೀಲ ಕೃತಿಯನ್ನು ಪ್ರಬಂಧವಾಗಿ ಒಪ್ಪಲು ತೊಡಗಿತು. ಇಂಗ್ಲೆಂಡಿನ ಈಸ್ಟ್ ಆಂಗ್ಲಿಯದಲ್ಲಿ 1970ರಲ್ಲಿ ಮಾಲ್ಕಮ್ ಬ್ರಾಡ್‌ಬರಿ ಮತ್ತು ಆಂಗಸ್ ವಿಲ್ಸನ್ ಕಥೆ ಕಾದಂಬರಿ ಬರೆಯುವವರಿಗಾಗಿ ಎಂ.ಎ. ತೆರೆದರು. ಮುಂದೆ ನೊಬೆಲ್ ಪಡೆದ ಕಜುವೊ ಇಶಿಗುರೊ ಅಲ್ಲಿ ಓದಿದವರು.

ಬ್ರಾಡ್‌ಬರಿಯ ಹೆಸರು ಎತ್ತಿದ್ದಕ್ಕೆ ಕಾರಣವಿದೆ. ಅದಕ್ಕೂ ಮೊದಲು ಆತ ಬರ್ಮಿಂಗ್‌ಹ್ಯಾಮಿನಲ್ಲಿ ನಮ್ಮ ಅನಂತಮೂರ್ತಿಯವರ ಗುರು. ಅನಂತಮೂರ್ತಿ ಅಲ್ಲಿಗೆ ಹೋದದ್ದು 1930ರ ದಶಕದ ಇಂಗ್ಲಿಷ್ ಕಾದಂಬರಿ ಮತ್ತು ರಾಜಕೀಯದ ಮೇಲೆ ಪ್ರಬಂಧ ಬರೆಯಲು. ಒಂದು ಸಂಜೆ ಗುರುವಿನ ಜೊತೆ ಇಂಗ್ಮಾರ್ ಬರ್ಗ್‌ಮನ್‌ನ ‘ದಿ ಸೆವೆಂತ್ ಸೀಲ್’ ನೋಡಿದರು. ಸ್ವೀಡಿಷ್ ಭಾಷೆ, ಅಡಿಬರಹ ಇಲ್ಲ. ಮಧ್ಯಯುಗ ನಿಮಗೆ ಓದಿನಿಂದ ಬರಬೇಕು, ನಮ್ಮಲ್ಲಿ ಅದು ಇನ್ನೂ ಬದುಕಿದೆ ಎಂಬ ಅರ್ಥದ ಮಾತು ಶಿಷ್ಯನ ಬಾಯಲ್ಲಿ ಬಂತು. ಹಾಗಾದರೆ ಅದನ್ನೇ ಬರೆ ಅಂದರು ಗುರು. ಬರೆದದ್ದು ‘ಸಂಸ್ಕಾರ’. ಅದು 1965ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಹೊರಬಂತು, ಪಿಎಚ್.ಡಿ. ಕೈಗೆ ಬಂದದ್ದು 1966ರಲ್ಲಿ. ಎರಡನ್ನೂ ಮಾಡಿದರು, ಒಂದನ್ನು ಇನ್ನೊಂದರ ಒಳಗೆ ತುರುಕಲಿಲ್ಲ. ಪ್ರಬಂಧ ಓದಿದವರು ಎಷ್ಟು ಮಂದಿಯೋ, ‘ಸಂಸ್ಕಾರ’ ಓದದ ಕನ್ನಡ ವಿದ್ಯಾರ್ಥಿ ಸಿಗುವುದು ಕಷ್ಟ. ಹಾಗೆಂದು ಪ್ರಬಂಧ ದಂಡವಾಯಿತು ಅನ್ನಲು ನಾನು ತಯಾರಿಲ್ಲ. ಪರರ ಕಾದಂಬರಿಗಳನ್ನು ಬಿಚ್ಚಿ ನೋಡುತ್ತಿದ್ದ ಆ ವರ್ಷಗಳಲ್ಲೇ ತಮ್ಮದು ಹುಟ್ಟಿತು.

ಹತ್ತಿರದ ಉದಾಹರಣೆ ಬೇಕೆಂದರೆ ಕೃಷ್ಣಮೂರ್ತಿ ಹನೂರರನ್ನು ಓದು. ಚಳ್ಳಕೆರೆ ಸೀಮೆಯ ಸಿರಿಯಜ್ಜಿಯ ಹಾಡುಗಳನ್ನು ಸಂಗ್ರಹಿಸಿದ ಜಾನಪದ ವಿದ್ವಾಂಸರು. ಅವರೇ ಟಿಪ್ಪು ಕಾಲದ ಸೈನಿಕನೊಬ್ಬನ ಬಾಳನ್ನು ಹಿಡಿದು ‘ಅಜ್ಞಾತನೊಬ್ಬನ ಆತ್ಮಚರಿತ್ರೆ’ ಎಂಬ ಕಾದಂಬರಿ ಬರೆದರು. ದಾಖಲೆಯ ಧೂಳು ಕುಡಿದವರ ಗದ್ಯ ಹೇಗಿರುತ್ತದೆ ಎಂದು ಅಲ್ಲಿ ಗೊತ್ತಾಗುತ್ತದೆ.

ನಿನಗೆ ನನ್ನ ಸಲಹೆ: ಬೆಳಗಿನ ಹೊತ್ತು ಪ್ರಬಂಧಕ್ಕೆ, ರಾತ್ರಿ ಕಾದಂಬರಿಗೆ, ಪುಸ್ತಕಗಳೂ ಬೇರೆ ಬೇರೆ. ಪ್ರಬಂಧದಲ್ಲಿ ‘ಇರಬಹುದು’ ಬರೆದ ಕಡೆಯೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕು, ಅವು ನಿನ್ನ ಕಾದಂಬರಿಯ ಬಾಗಿಲುಗಳು. ಮಾರ್ಗದರ್ಶಕರಿಗೆ ಕಾದಂಬರಿಯ ಸುದ್ದಿ ಈಗಲೇ ಹೇಳಬೇಕಾಗಿಲ್ಲ. ಅವರಿಗೆ ಬೇಕಾದದ್ದು ಅಧ್ಯಾಯಗಳು.

ನಿಯಮಗಳನ್ನು ಚುಟುಕಾಗಿ ಹೇಳುತ್ತೇನೆ. ಯುಜಿಸಿಯ 2022ರ ನಿಯಮದಂತೆ ಕನಿಷ್ಠ ಮೂರು ವರ್ಷ, ಸಾಮಾನ್ಯವಾಗಿ ಆರು ವರ್ಷದ ಮಿತಿ. ಹೆಣ್ಣುಮಕ್ಕಳಿಗೆ ಇನ್ನೂ ಎರಡು ವರ್ಷದ ರಿಯಾಯಿತಿ, ಹೆರಿಗೆ ಮತ್ತು ಮಗುವಿನ ಪಾಲನೆಗೆ 240 ದಿನದವರೆಗೆ ರಜೆ ಉಂಟು. ಮದುವೆ ಮಾತು ಎತ್ತುತ್ತಿರುವ ನಿಮ್ಮವ್ವನಿಗೆ ಇದನ್ನು ಓದಿ ಹೇಳು. ನೋಡಲು ಬರುವ ಗಂಡಿನ ಕಡೆಯವರಿಗೂ ಓದಿ ಹೇಳು, ಆಮೇಲೆ ಗೊತ್ತಿರಲಿಲ್ಲ ಅನ್ನಬಾರದು. ಕೃತಿಚೌರ್ಯದ ಬಗ್ಗೆ 2018ರ ನಿಯಮ ಇದೆ: ಹೋಲಿಕೆ ಶೇಕಡಾ 10ರ ಒಳಗಿರಬೇಕು. ಶೋಧಗಂಗಾದಲ್ಲಿ ತ.ರಾ.ಸು. ಹೆಸರು ಹಾಕಿ ಹುಡುಕಿ, ಈಗಾಗಲೇ ಆದದ್ದನ್ನು ಓದಿಬಿಡು. ಬೇರೆಯವರ ಪ್ಯಾರಾ ಎತ್ತಲು ಓದುವವರೂ ಇದ್ದಾರೆ, ನೀನು ಅವರು ಬಿಟ್ಟದ್ದನ್ನು ಹಿಡಿಯಲು ಓದು. ದುಡ್ಡು ಕೊಟ್ಟರೆ ಇಡೀ ಪ್ರಬಂಧ ಬರೆದುಕೊಡುವವರು ಜೆರಾಕ್ಸ್ ಅಂಗಡಿಯ ಆಸುಪಾಸಿನಲ್ಲೇ ಸಿಗುತ್ತಾರೆ. ವೈವಾದ ದಿನ ಅವರು ನಿನ್ನ ಪಕ್ಕ ಕೂರುವುದಿಲ್ಲ.

ತ.ರಾ.ಸು. ಕಾಲೇಜು ಬಿಟ್ಟು ಸ್ವಾತಂತ್ರ್ಯ ಚಳವಳಿಗೆ ಧುಮುಕಿದವರು, ಪತ್ರಿಕೆಗಳಲ್ಲಿ ದುಡಿದವರು. ಅವರ ಮೇಲೆ ನಾವು ಪದವಿ ಪಡೆಯುತ್ತಿದ್ದೇವೆ. ಇದರಲ್ಲಿ ತಮಾಷೆ ಕಾಣುವಷ್ಟು ಮನಸ್ಸು ಹಗುರ ಇಟ್ಟುಕೋ.

ಸಾರಲೇಖದ ಕರಡು ನಾಲ್ಕು ಪುಟ ಮೀರದಂತೆ ಬರೆದು, ಗುಡ್ಡದರಂಗವ್ವನಹಳ್ಳಿಯ ಸ್ನಾತಕೋತ್ತರ ಕೇಂದ್ರಕ್ಕೆ ಕೊಡುವ ಮೊದಲು ನನಗೊಂದು ಪ್ರತಿ ಕಳಿಸು. ಪುಟ್ಟಣ್ಣನವರ ಪುಸ್ತಕದ ನನ್ನ ಪ್ರತಿಯನ್ನು ಭರಮಸಾಗರಕ್ಕೆ ಬರುವ ಯಾರ ಕೈಲಾದರೂ ಕೊಟ್ಟುಕಳಿಸುತ್ತೇನೆ. ರಟ್ಟು ಸಡಿಲವಾಗಿದೆ, ಜೆರಾಕ್ಸಿಗೆ ಒತ್ತಿ ಹಿಡಿಯಬೇಡ, ಬೇಕಾದ ಪುಟಗಳನ್ನು ಫೋನಿನಲ್ಲಿ ತೆಗೆದುಕೊಂಡು ಬೇಸಿಗೆ ರಜೆಯೊಳಗೆ ವಾಪಸು ಮುಟ್ಟಿಸು.

ಇಂತಿ,
ನಿನ್ನ ಮೇಷ್ಟ್ರು