ಇಬ್ಬರು ತಮ್ಮಣ್ಣರ ಪಾರಿಜಾತ

ಬಯಲಿನಲ್ಲಿ ರಂಗ ಕಟ್ಟಿ ರಾತ್ರಿಯಿಡೀ ಆಡುವ ಉತ್ತರ ಕರ್ನಾಟಕದ ಆಟಗಳಲ್ಲಿ ‘ಶ್ರೀಕೃಷ್ಣ ಪಾರಿಜಾತ’ದಷ್ಟು ಜನರ ಮನಸ್ಸನ್ನು ಸೆಳೆದವು ವಿರಳ. ಇದರ ಕಥೆ ಚಿಕ್ಕದು. ನಾರದನು ತಂದ ಪಾರಿಜಾತದ ಹೂವು ಕೃಷ್ಣನ ಕೈಯಿಂದ ರುಕ್ಮಿಣಿಯ ಮುಡಿಗೇರುತ್ತದೆ. ಸುದ್ದಿ ತಿಳಿದ ಸತ್ಯಭಾಮೆ ಮುನಿಸಿನಿಂದ ಕುದಿಯುತ್ತಾಳೆ. ಒಂದು ಹೂವಿಗಾಗಿ ಅರಮನೆಯ ನೆಮ್ಮದಿಯೇ ಕದಡುತ್ತದೆ.

ಭಾಮೆಯ ಅಳಲಿನ ಹಾಡಿಗೆ ಪ್ರೇಕ್ಷಕರ ಕಣ್ಣು ತೇವವಾಗುತ್ತದೆ. ಅಷ್ಟರಲ್ಲಿ ಭಾಗವತನೂ ದೂತಿಯೂ ಮಾತಿಗೆ ಮಾತು ಬೆಳೆಸುತ್ತಾರೆ, ಅತ್ತವರೇ ನಗತೊಡಗುತ್ತಾರೆ. ಈ ನಗೆಯಿಂದ ದುಃಖದ ಬೆಲೆ ಕುಂದುವುದಿಲ್ಲ. ಗಂಡನ ಪ್ರೀತಿಯಲ್ಲಿ ತನಗೆ ಪಾಲು ಕಡಿಮೆಯಾಯಿತೆಂದು ನೊಂದ ಹೆಣ್ಣಿನ ಸಂಕಟ ನಗುವಿನ ನಡುವೆಯೂ ನಿಜವಾಗಿಯೇ ಉಳಿಯುತ್ತದೆ.

ಇಂತಹ ಕೃತಿಯನ್ನು ಬರೆದವರು ಯಾರು? ಮೊದಲು ರಚಿಸಿದವನು ರಾಯಚೂರು ಸೀಮೆಯ ಅಪರಾಳ ತಮ್ಮಣ್ಣ. ಆ ಸೀಮೆಗೆ ಹಾಡು ಹೊಸದಲ್ಲ. ವಿಜಯದಾಸರು ಮಾನವಿ ತಾಲ್ಲೂಕಿನ ಚೀಕಲಪರವಿಯವರು. ಗೋಪಾಲದಾಸರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು. ‘ಹರಿಕಥಾಮೃತಸಾರ’ದ ಜಗನ್ನಾಥದಾಸರ ನೆಲೆ ಮಾನವಿ. ಅಪರಾಳ ತಮ್ಮಣ್ಣನ ಕೃತಿಯನ್ನು ಬೆಳಗಾವಿ ಜಿಲ್ಲೆಯ ಕುಲಗೋಡ ತಮ್ಮಣ್ಣ ಮುಂದೆ ತಿದ್ದಿ, ರಂಗಕ್ಕೆ ಒಗ್ಗಿಸಿದನು. ಕೌಜಲಗಿ ನಿಂಗಮ್ಮನಂತಹ ಕಲಾವಿದೆಯರು ಅದನ್ನು ಊರೂರಿಗೆ ಒಯ್ದರು. ಆಟ ಹೆಸರಾದುದು ಮಾತ್ರ ಕುಲಗೋಡ ತಮ್ಮಣ್ಣನ ಪಾರಿಜಾತವೆಂದೇ.

ಇಂಗ್ಲೆಂಡಿನ ರಂಗಭೂಮಿಯಲ್ಲಿಯೂ ಒಂದು ನಾಟಕಕ್ಕೆ ಇಬ್ಬರು ಮೂವರು ಕೈಯಿಕ್ಕುವುದು ವಾಡಿಕೆಯಾಗಿತ್ತು. 1634ರಲ್ಲಿ ಅಚ್ಚಾದ ‘ದಿ ಟೂ ನೋಬಲ್ ಕಿನ್ಸ್‌ಮೆನ್’ ನಾಟಕದ ಮುಖಪುಟದಲ್ಲಿ ಜಾನ್ ಫ್ಲೆಚರ್ ಮತ್ತು ವಿಲಿಯಂ ಷೇಕ್ಸ್‌ಪಿಯರ್, ಇಬ್ಬರ ಹೆಸರೂ ಇವೆ. ಆ ವೇಳೆಗೆ ಇಬ್ಬರೂ ಬದುಕಿರಲಿಲ್ಲ. ಯಾವ ಭಾಗ ಯಾರದೆಂಬುದನ್ನು ವಿದ್ವಾಂಸರು ಪದಪ್ರಯೋಗ, ಪದ್ಯದ ನಡೆಗಳಿಂದ ಬೇರ್ಪಡಿಸಲು ಯತ್ನಿಸಿದ್ದಾರೆ. ಇದೇ ಫ್ಲೆಚರ್ ದುಃಖಸುಖ ಬೆರೆತ ನಾಟಕಕ್ಕೆ ಲಕ್ಷಣವನ್ನೂ ಹೇಳಿದನು: ಅದರಲ್ಲಿ ಸಾವು ಇರಕೂಡದು, ಆದರೆ ಯಾರಾದರೂ ಸಾವಿನ ಸಮೀಪಕ್ಕೆ ಹೋಗಿ ಬರಬೇಕು. ಪಾರಿಜಾತದಲ್ಲಿ ಸಾವಿನ ನೆರಳಿಲ್ಲವಾದ್ದರಿಂದ ಆ ಲಕ್ಷಣ ಇದಕ್ಕೆ ಪೂರ್ತಿ ಒಪ್ಪದು.

ಇನ್ನೊಂದು ವ್ಯತ್ಯಾಸವೂ ಉಂಟು. ಫ್ಲೆಚರ್ ತನ್ನ ಜೊತೆಗಾರರೊಡನೆ ಒಂದೇ ಊರಿನಲ್ಲಿ ಬರೆದನು. ಇಬ್ಬರು ತಮ್ಮಣ್ಣರಾದರೋ ಒಟ್ಟಿಗೆ ಕುಳಿತು ಬರೆದವರಲ್ಲ. ಒಬ್ಬನು ಬಿಟ್ಟುಹೋದುದನ್ನು ಇನ್ನೊಬ್ಬನು ಎತ್ತಿಕೊಂಡನು. ಅದರ ಮೇಲೆ ಪ್ರತಿ ರಾತ್ರಿಯೂ ಭಾಗವತನು ಆ ಊರಿಗೆ ತಕ್ಕ ಹೊಸ ಮಾತನ್ನು ಸೇರಿಸುತ್ತಾನೆ. ದೂತಿ ಅದಕ್ಕೆ ನಿಂತ ನಿಲುವಿನಲ್ಲೇ ಉತ್ತರ ಕೊಡುತ್ತಾಳೆ.